ಊರಿನ ಹೆಸರು ಬರೆದ ಚೀಟಿ

ಅಡುಗೆಮನೆಯ ಮೇಜಿನ ಮೇಲೆ ಒಂದು ಕುಂಬಳಕಾಯಿ ಇತ್ತು. ಚಿತ್ರಗಳಲ್ಲಿ ಕಾಣುವ ಕಿತ್ತಳೆ ಬಣ್ಣದ್ದಲ್ಲ. ಗಾಢ ಹಸಿರು, ಮೇಲಿನಿಂದ ಯಾರೋ ಮೆಲ್ಲಗೆ ಅದುಮಿದಂತೆ ಚಪ್ಪಟೆ, ಸಿಪ್ಪೆಯ ತುಂಬ ಬೂದುಬಣ್ಣದ ಸಣ್ಣ ಗೆರೆಗಳು. ಹೊಲದಲ್ಲಿ ಮಣ್ಣಿಗೆ ತಾಗಿ ಮಲಗಿದ್ದ ಮಗ್ಗುಲಲ್ಲಿ ಅಂಗೈಯಗಲದ ಹಳದಿ ಕಲೆ, ಬಿಸಿಲು ಕಾಣದೆ ಬೆಳೆದ ಜಾಗ. ತೊಟ್ಟು ಒಣಗಿ ಮರದ ಚೂರಿನಂತಾಗಿತ್ತು. ಕೊಯ್ದವರು ಅದನ್ನು ಒಂದೇ ಏಟಿಗೆ, ಓರೆಯಾಗಿ ಕೊಯ್ದಿದ್ದರು. ಆರನೆಯ ಮಹಡಿಯ ಕಿಟಕಿಯಿಂದ ಬಂದ ಅಕ್ಟೋಬರಿನ ಬೆಳಕು ಅದರ ಅರ್ಧವನ್ನಷ್ಟೇ ಮುಟ್ಟಿ ನಿಂತಿತ್ತು. ಪಕ್ಕದಲ್ಲಿ ಚಾಕು, ಒಂದು ಬಟ್ಟಲಿನಲ್ಲಿ ಒಣದ್ರಾಕ್ಷಿ, ಮುಚ್ಚಳ ಬಿಚ್ಚದ ಎರಡು ಲೀಟರಿನ ನೀರಿನ ಬಾಟಲಿ. ಯಾವುದೂ ಅಲುಗಾಡುತ್ತಿರಲಿಲ್ಲ. ಆ ವರ್ಷ ಅಲುಗಾಡದೆ ಇರುವುದೂ ಕಣ್ಣಿಗೆ ಬೀಳುವ ಸಂಗತಿಯಾಗಿತ್ತು.

ನಟರಾಜ ಬಾಗಿಲ ಚೌಕಟ್ಟಿಗೆ ಒರಗಿ ಅದನ್ನೇ ನೋಡುತ್ತಿದ್ದ.

"ರೀ, ನೋಡ್ತಾ ನಿಂತ್ರೆ ಅದು ತಾನಾಗೇ ಬೇಯುತ್ತಾ?" ವಸುಧಾ ಕುಕ್ಕರಿನ ಮುಚ್ಚಳ ತೊಳೆಯುತ್ತ ಕೇಳಿದಳು. "ಪಾರ್ಟಿ ಎರಡು ಗಂಟೆಗೆ. ಮೂವತ್ತು ಮಕ್ಕಳು. ಬನಾನಾ ಆಯ್ತು, ಮಂಡಕ್ಕಿ ಉಂಡೆ ಆಯ್ತು. ಇದೊಂದೇ ಬಾಕಿ."

ಅರ್ಧಕ್ಕೆ ಕತ್ತರಿಸಿ ಬಿಳಿ ಚಾಕೊಲೇಟಿನಲ್ಲಿ ಅದ್ದಿದ ಬಾಳೆಹಣ್ಣುಗಳು ಕಡ್ಡಿಗಳ ಮೇಲೆ ನಿಂತು ಆಗಲೇ ದೆವ್ವಗಳಾಗಿದ್ದವು. ಏಳು ವರ್ಷದ ಸ್ಫೂರ್ತಿ, ತಾಯಿಯ ಕಪ್ಪು ದುಪಟ್ಟಾವನ್ನು ಹೆಗಲಿಗೆ ಬಿಗಿದುಕೊಂಡು, ಚಾಕೊಲೇಟ್ ಚೂರುಗಳಿಂದ ಅವಕ್ಕೆ ಕಣ್ಣು ಇಡುತ್ತಿದ್ದಳು.

"ಇದಕ್ಕೇನೇ ಮೂರು ಕಣ್ಣು?"

"ಇದು ಇಂಡಿಯನ್ ಘೋಸ್ಟ್ ಅಮ್ಮಾ. ಮೈಸೂರಿಂದ ಬಂದಿದೆ. ಶಿವ ಥರ."

ವಸುಧಾ ನಕ್ಕಳು. ಅವಳು ನಗುವಾಗಲೆಲ್ಲ ನಟರಾಜ ದಿನ ಎಣಿಸುತ್ತಿದ್ದ. ಅವಳು ಬಂದು ಮೂರು ವಾರವಾಗಿತ್ತು. ಮಾರ್ಚ್ ತಿಂಗಳ ಭೂಕಂಪವಾದ ಐದನೆಯ ದಿನ ಸಿಕ್ಕಿದ ವಿಮಾನಕ್ಕೆ ಮಗಳನ್ನು ಹತ್ತಿಸಿಕೊಂಡು ಮೈಸೂರಿಗೆ ಹೋದವಳು, ಶಾಲೆಗೆ ತಿಳಿಸದೆ, ಮಗಳ ಜೀವದ ಗೆಳತಿ ಹಿನಾಳಿಗೆ ಒಂದು ಮಾತು ಹೇಳದೆ ಹೋದವಳು, ತಿಂಗಳ ಮಟ್ಟಿಗೆ ನೋಡೋಣವೆಂದು ಮರಳಿದ್ದಳು. ನವೆಂಬರ್ ಆರರ ಟಿಕೆಟ್ ಹಾಗೆಯೇ ಇತ್ತು. ರದ್ದುಮಾಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ. ವಿಮಾನ ನಿಲ್ದಾಣದಿಂದ ಬರುವಾಗ ರೈಲಿನಲ್ಲಿಯೇ ಅವಳು ಹೇಳಿದ್ದಳು: "ನಾನು ಕೇಳೋದು ಒಂದೇ ರೀ. ಮನೆಗೆ ಬರೋ ಪ್ರತಿಯೊಂದು ಪದಾರ್ಥ ಎಲ್ಲಿಂದ ಬಂತು ಅಂತ ನನಗೆ ನಿಜ ಹೇಳಿ. ತಿನ್ನಬೇಕೋ ಬಿಡಬೇಕೋ ಅದನ್ನ ನಾನು ಡಿಸೈಡ್ ಮಾಡ್ಕೋತೀನಿ. ನಂಗೆ ಇಲ್ಲಿ ಒಂದಕ್ಷರ ಓದಕ್ಕೆ ಬರಲ್ಲ. ನಿಮ್ಮ ಕಣ್ಣಲ್ಲೇ ನಾನು ಓದ್ಬೇಕು."

ಒಂದಕ್ಷರವೂ ಬಾರದೆಂಬುದು ಪೂರ್ತಿ ನಿಜವಲ್ಲ. ಎರಡು ಬರುತ್ತಿದ್ದವು. ಮಾರ್ಚಿನಲ್ಲಿ ಅಣುಸ್ಥಾವರ ಸಿಡಿದ ಫುಕುಶಿಮಾದ ಹೆಸರು ಬರೆಯುವ ಎರಡು ಅಕ್ಷರಗಳು. ಅಂಗಡಿಯಲ್ಲಿ ಸೌತೆಕಾಯಿಯ ಪೊಟ್ಟಣವನ್ನೋ ಅಕ್ಕಿಯ ಚೀಲವನ್ನೋ ತಿರುಗಿಸಿ, ಹುಲ್ಲಿನಲ್ಲಿ ಹಾವಿನ ಆಕಾರವನ್ನು ಕಣ್ಣು ತಾನಾಗಿ ಹುಡುಕುವಂತೆ, ಆ ಎರಡನ್ನು ಅವಳು ಹುಡುಕುತ್ತಿದ್ದಳು. ಅವುಗಳಿಗೆ ಭಾಗ್ಯದ ದ್ವೀಪವೆಂದು ಅರ್ಥವಂತೆ. ಅದನ್ನು ಅವಳಿಗೆ ಹೇಳಿದ್ದು ಮಗಳು.

ಮೇಜಿನ ತುದಿಯಲ್ಲಿ ಮೂರು ಚೀಟಿಗಳಿದ್ದವು. ಮನೆಯಲ್ಲಿ ಮಾಡಿದ ತಿಂಡಿಯ ಪಕ್ಕದಲ್ಲಿ ಚೀಟಿ ಇಡಬೇಕೆಂಬುದು ಓಜಿಮಾದ ಆ ವಸತಿ ಸಮುಚ್ಚಯದ ತಾಯಂದಿರ ಕ್ರಮ: ಮೊಟ್ಟೆ ಇದೆಯೇ, ಕಡಲೆಕಾಯಿ ಇದೆಯೇ. ಈ ವರ್ಷ ಇನ್ನೊಂದು ಸಾಲು ಸೇರಿತ್ತು: ಪದಾರ್ಥ ಎಲ್ಲಿಯದು. ವಸುಧಾ ಹಿಂದಿನ ಸಂಜೆಯೇ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಮಗಳಿಂದ ಜಪಾನಿಯಲ್ಲಿ ಬರೆಸಿದ್ದಳು. ಬಾಳೆಹಣ್ಣು, ಫಿಲಿಪೀನ್ಸ್. ಮಂಡಕ್ಕಿ, ಮೈಸೂರು. ಕುಂಬಳಕಾಯಿ, ಹೊಕ್ಕೈಡೋ.

ಕುಂಬಳಕಾಯಿ ಹೊಕ್ಕೈಡೋದ್ದಾಗಿರಲಿಲ್ಲ.

ಶುಕ್ರವಾರ ಸಂಜೆ ಶಿನಾಗಾವಾದ ಆಫೀಸಿನಿಂದ ಬಂದಾಗ ಲಿಫ್ಟಿನ ಬಳಿ ಪಕ್ಕದ ಮನೆಯ ಕಾನ್ನೋ-ಸಾನ್ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನಿಗಾಗಿಯೇ ಕಾಯುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು. ಫುಕುಶಿಮಾದ ಕಡಲ ಕಡೆಯ ಊರಿನಿಂದ ಮಾರ್ಚಿನಲ್ಲಿ ಒಂದು ಚೀಲ ಹಿಡಿದು ಹೊರಟವರಿಗೆ ಏಪ್ರಿಲಿನಲ್ಲಿ ಸರ್ಕಾರ ಈ ಮನೆ ಕೊಟ್ಟಿತ್ತು. ಊರಿನ ಮನೆ ಬಿದ್ದಿರಲಿಲ್ಲ. ಬೀಗ ಹಾಕಿದಂತೆಯೇ ಇದೆ, ಆದರೆ ಹೋಗುವ ಹಾಗಿಲ್ಲ. ನಟರಾಜ ಒಬ್ಬನೇ ಇದ್ದ ತಿಂಗಳುಗಳಲ್ಲಿ ವಾರಕ್ಕೆರಡು ಸಲ ಮುಚ್ಚಿದ ಪಾತ್ರೆ ಹಿಡಿದು ಬಾಗಿಲು ತಟ್ಟುತ್ತಿದ್ದರು. ಮೊದಲ ಸಲ ಮೀನಿನ ಸಾರಿನಲ್ಲಿ ಬೇಯಿಸಿದ ಮೂಲಂಗಿ. ಅವನು ಸಂಕೋಚದಿಂದ ಮೀನು ತಿನ್ನುವುದಿಲ್ಲವೆಂದಾಗ ಆಕೆ ತಲೆ ಬಾಗಿಸಿ ಹೋಗಿ, ಮರುದಿನ ಕಡಲಪಾಚಿಯ ಸಾರಿನಲ್ಲಿ ಅದೇ ಮೂಲಂಗಿಯನ್ನು ಬೇಯಿಸಿ ತಂದಿದ್ದರು.

"ಸ್ಫೂರ್ತಿ-ಚಾನ್ ಹೇಳಿದಳು, ಹ್ಯಾಲೋವೀನಿಗೆ ಕುಂಬಳಕಾಯಿ ಇಲ್ಲದೆ ಆಗುವುದಿಲ್ಲವಂತೆ," ಎಂದಿದ್ದರು ಲಿಫ್ಟಿನ ಬಳಿ. "ಐಜುವಿನಲ್ಲಿ ನನ್ನ ತಂಗಿಯ ಹೊಲದ್ದು. ಫುಕುಶಿಮಾದಲ್ಲೇ, ಆದರೆ ಬೆಟ್ಟಗಳ ಆಚೆ, ಸ್ಥಾವರದಿಂದ ಬಹಳ ದೂರ. ವಿಕಿರಣದ ಪರೀಕ್ಷೆ ಮಾಡಿಸಿದ್ದಾಳೆ, ಕಾಗದವೂ ಇದೆ. ನಾಳೆ ಬೆಳಗ್ಗೆ ಬಂದು ಮಾಡಿಕೊಡಲೇ? ಬಹಳ ಸುಲಭ."

ಬೇಡವೆಂದು ಆಗಲೇ ಹೇಳಬೇಕಿತ್ತು. ಹೇಳಬೇಕಾದ ವಾಕ್ಯ ಅವನಿಗೆ ಮೂರು ಭಾಷೆಗಳಲ್ಲಿ ತಿಳಿದಿತ್ತು. ಅವನು "ಅರಿಗಾತೋ" ಎಂದು ಧನ್ಯವಾದ ಹೇಳಿದ. ಕಾಗದವನ್ನು ಪರ್ಸಿನೊಳಗಿಟ್ಟು ಬಾಗಿಲು ತೆರೆದಾಗ ವಸುಧಾ ಕೇಳಿದಳು, "ಎಲ್ಲಿಯದು ರೀ?"

"ಕಾನ್ನೋ-ಸಾನ್ ಕೊಟ್ರು. ಹೊಕ್ಕೈಡೋದ್ದಂತೆ, ದೂರದ ಉತ್ತರದ್ದು. ಸೂಪರ್‌ಮಾರ್ಕೆಟಲ್ಲಿ ತಗೊಂಡ್ರಂತೆ."

"ಕೇಳಿದ್ರಾ?"

"ಕೇಳ್ದೆ."

"ಪಾಪ," ಎಂದಳು ವಸುಧಾ, ಅದನ್ನು ಕೈಯಲ್ಲಿ ತೂಗಿ ನೋಡುತ್ತ. "ಈ ವಯಸ್ಸಲ್ಲಿ ಇಷ್ಟು ಭಾರ ಹೊತ್ಕೊಂಡು ಬಂದಿದಾರೆ."

ಹತ್ತು ಗಂಟೆಗೆ ಕಾನ್ನೋ-ಸಾನ್ ಬಂದರು. ತೋಳಿನವರೆಗೆ ಮುಚ್ಚುವ ಏಪ್ರನ್ ತೊಟ್ಟು, ಚೌಕಾಕಾರದ ತೆಳು ಹತ್ತಿಬಟ್ಟೆಗಳನ್ನು ಇಸ್ತ್ರಿಮಾಡಿ ಮಡಿಸಿ ತಂದಿದ್ದರು. ಚಪ್ಪಲಿಯನ್ನು ಬಾಗಿಲ ಕಡೆ ಮುಖಮಾಡಿ ಜೋಡಿಸಿ ಒಳಗೆ ಬಂದವರು ಬಾಳೆಹಣ್ಣಿನ ದೆವ್ವಗಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟು ಹೆದರಿದಂತೆ ನಟಿಸಿದರು. ಸ್ಫೂರ್ತಿ ಕಿಲಕಿಲನೆ ನಕ್ಕಳು. ವಸುಧಾಳಿಗೂ ಅವರಿಗೂ ನಡುವೆ ಭಾಷೆಯಿರಲಿಲ್ಲ. ಒಬ್ಬರು ಕತ್ತರಿಸಿದ್ದನ್ನು ಇನ್ನೊಬ್ಬರು ಬೀಜ ತೆಗೆದು, ಒಬ್ಬರು ಚಾಚಿದ ಕೈಗೆ ಇನ್ನೊಬ್ಬರು ಪಾತ್ರೆಯಿಟ್ಟು, ಒಂದೇ ಮನೆಯ ಅತ್ತಿಗೆ ನಾದಿನಿಯರಂತೆ ಕೆಲಸ ಹಂಚಿಕೊಂಡರು. ಕುಕ್ಕರು ಕೂಗಿದಾಗ ಮಾತ್ರ ಕಾನ್ನೋ-ಸಾನ್ ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದು ದೀಪದ ಕಡೆ ನೋಡಿದರು. ದೀಪ ತೂಗುತ್ತಿರಲಿಲ್ಲ. ಆಮೇಲೆ ಏನೋ ಹೇಳಿ ತಾವೇ ನಕ್ಕರು.

"ಏನಂತೆ?" ಎಂದಳು ವಸುಧಾ.

"ನಿಮ್ಮ ಪಾತ್ರೆಗೆ ಸಿಟ್ಟು ಬೇಗ ಬರುತ್ತೆ ಅಂತೆ," ಎಂದ ನಟರಾಜ.

"ಅತ್ತೆ ಕೊಡಿಸಿದ್ದು ಅಂತ ಹೇಳಿ."

ಅವನು ಹೇಳಿದ. ಇಬ್ಬರು ಹೆಂಗಸರೂ ಒಟ್ಟಿಗೆ ನಕ್ಕರು.

ಬೆಂದ ತಿರುಳು ಚೆಸ್ಟ್‌ನಟ್ಟಿನಂತೆ ಹಿಟ್ಟುಹಿಟ್ಟಾಗಿತ್ತು. ವಸುಧಾ ಸಕ್ಕರೆಯ ಜೊತೆ ಒಂದು ಚಮಚ ತುಪ್ಪ, ಎರಡು ಏಲಕ್ಕಿ ಹಾಕಿದಳು. ಕಾನ್ನೋ-ಸಾನ್ ಅದನ್ನು ಮೂಸಿ ಕಣ್ಣರಳಿಸಿ ತಲೆದೂಗಿದರು. ಒದ್ದೆ ಬಟ್ಟೆಯ ನಡುವೆ ಒಂದು ಚಮಚ ತಿರುಳಿಟ್ಟು, ನಾಲ್ಕು ಮೂಲೆ ಸೇರಿಸಿ, ಒಮ್ಮೆ ತಿರುಚಿ ಬಿಚ್ಚಿದರೆ ನೆರಿಗೆನೆರಿಗೆಯಾದ ಪುಟ್ಟ ಗೋಪುರ. ಅದಕ್ಕೆ ಎರಡು ದ್ರಾಕ್ಷಿ ಒತ್ತಿದರೆ ದೆವ್ವ. ಸ್ಫೂರ್ತಿ ಮೂರನೆಯದಕ್ಕೇ ಪಳಗಿದಳು. ಕೆಟ್ಟು ಹೋದದ್ದನ್ನೆಲ್ಲ ತಾನೇ ತಿನ್ನುವುದೆಂದು ನಿಯಮ ಮಾಡಿಕೊಂಡು, ಬೇಕೆಂದೇ ಎರಡನ್ನು ಕೆಡಿಸಿದಳು.

ವಸುಧಾಳ ಕೈಯಿಂದ ಅವಳ ಬಾಯಿಗೆ ಮೊದಲ ತುತ್ತು ಹೋಗುವುದನ್ನು ನಟರಾಜ ನೋಡಿದ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲವೆಂದು ಕಾಗದ ಹೇಳುತ್ತಿತ್ತು, ಅವನ ಬುದ್ಧಿಯೂ ಅದನ್ನೇ ಹೇಳುತ್ತಿತ್ತು. ಆದರೂ ಸಿಂಕಿನ ನಲ್ಲಿ ತಿರುಗಿಸಿ, ತೊಳೆಯಬೇಕಾದದ್ದೇನೂ ಇಲ್ಲದಿದ್ದರೂ ಕೈ ತೊಳೆದ.

ಕಾನ್ನೋ-ಸಾನ್ ಬಟ್ಟೆ ಹಿಂಡುತ್ತ ಹೇಳಿದರು, "ಐಜುವಿನಲ್ಲಿ ರಾತ್ರಿ ಬೇಗ ತಣ್ಣಗಾಗುತ್ತದೆ. ಅದಕ್ಕೇ ಇಷ್ಟು ಸಿಹಿ."

"ಏನಂತೆ?"

"ಹೊಕ್ಕೈಡೋ ಚಳಿಗೆ ಸಿಹಿ ಜಾಸ್ತಿ ಅಂತೆ."

ಸ್ಫೂರ್ತಿ ತಲೆಯೆತ್ತಿದಳು. "ಅಪ್ಪಾ, ಅಜ್ಜಿ ಐಜು ಅಂದ್ರು."

ವಸುಧಾ ಒಲೆಯ ಕಡೆ ತಿರುಗಿದ್ದಳು. ನಟರಾಜ ಮಗಳ ಕೆನ್ನೆಗೆ ಅಂಟಿದ್ದ ತಿರುಳನ್ನು ಹೆಬ್ಬೆರಳಿನಿಂದ ಒರೆಸಿ, ಮೆಲ್ಲಗೆ ಹೇಳಿದ: "ಹೊಕ್ಕೈಡೋದಲ್ಲಿ ಒಂದು ಊರು ಪುಟ್ಟಾ."

ಅವಳು ನಂಬಿದಳು. ಅಪ್ಪನಿಗೆ ಎಲ್ಲ ಊರುಗಳೂ ಗೊತ್ತು.

ಸಮುಚ್ಚಯದ ನೆಲಮಹಡಿಯ ಸಭಾಂಗಣದಲ್ಲಿ ಕಪ್ಪು ಕಾಗದದ ಬಾವಲಿಗಳನ್ನು ತೂಗುಹಾಕಿದ್ದರು. ಚಾಮುಂಡೇಶ್ವರಿ ಬಾಗಿಲಲ್ಲೇ ಕುಳಿತು ತಟ್ಟೆಗಳನ್ನು ಪಡೆಯುತ್ತಿದ್ದಳು. ಓಜಿಮಾದ ಕನ್ನಡದ ಮನೆಗಳಿಗೆಲ್ಲ ಅವಳು ಚಾಮಿ ಅಕ್ಕ. ಹಬ್ಬ ಯಾರದ್ದಾದರೂ ಮುಂದಾಳು ಅವಳೇ.

"ಏನ್ ನಟರಾಜ್, ಕೈಯೆಲ್ಲ ಹಳದಿ? ಇವತ್ತು ನೀವು ಕುಕ್ಕು, ವಸುಧಾ ಸೂಪರ್‌ವೈಸರ್ರಾ?"

"ಇವರು ಕುಂಬಳಕಾಯಿನ ಕಣ್ಣಲ್ಲೇ ಬೇಯಿಸಿದ್ರು ಚಾಮಿ ಅಕ್ಕ," ಎಂದಳು ವಸುಧಾ. ಅವಳು ಹಗುರಾಗಿದ್ದಳು. ಮೆಟ್ಟಿಲಿಳಿಯುವಾಗ ತಾನಾಗಿಯೇ ಹೇಳಿದ್ದಳು, ಸೋಮವಾರ ಏರ್‌ಲೈನಿಗೆ ಫೋನ್ ಮಾಡಿ ಕೇಳ್ತೀರಾ, ಕ್ಯಾನ್ಸಲ್ ಮಾಡೋಕೆ ಏನು ಮಾಡ್ಬೇಕು ಅಂತ. ಅವನು ಹೂಂ ಎಂದಿದ್ದ. ಆ ಒಂದು ಮಾತಿಗಾಗಿ ಏಳು ತಿಂಗಳು ಕಾದಿದ್ದ. ಅದು ಕಿವಿಗೆ ಬಿದ್ದಾಗ ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಂಡಿದ್ದ.

ಒಳಗೆ ಹಿನಾ ಬೆಕ್ಕಿನ ಕಿವಿ ಕಟ್ಟಿಕೊಂಡು ನಿಂತಿದ್ದಳು. ಮೂರು ವಾರದಿಂದ ಸ್ಫೂರ್ತಿಯ ಜೊತೆ ಅವಳು ಮಾತಾಡಿರಲಿಲ್ಲ. ಸ್ಫೂರ್ತಿ ನೇರವಾಗಿ ಅವಳ ಬಳಿಗೆ ಹೋಗಿ, ಕುಂಬಳಕಾಯಿಯ ತಟ್ಟೆಯನ್ನು ಎರಡೂ ಕೈಯಿಂದ ಚಾಚಿದಳು. ಹಿನಾ ತನ್ನ ತಾಯಿಯ ಮುಖ ನೋಡಿದಳು. ತಾಯಿ ಮೋರಿ-ಸಾನ್ ಬಗ್ಗಿ ಚೀಟಿ ಓದಿದರು. "ಹೊಕ್ಕೈಡೋ ಕುಂಬಳಕಾಯಿ! ಚೆನ್ನಾಗಿರುತ್ತದೆ, ತಗೋ."

"ಐಜುವಿನದು," ಎಂದಳು ಸ್ಫೂರ್ತಿ ಜಪಾನಿಯಲ್ಲಿ, ತನಗೆ ತಿಳಿದದ್ದನ್ನು ಹೇಳುವ ಉತ್ಸಾಹದಲ್ಲಿ. "ಹೊಕ್ಕೈಡೋದ ಐಜು."

"ಅಯ್ಯೋ, ಇಲ್ಲಮ್ಮ." ಮೋರಿ-ಸಾನ್ ಪ್ರೀತಿಯಿಂದಲೇ ನಕ್ಕರು. "ಐಜು ಇರುವುದು ಫುಕು..."

ಹೆಸರು ಅರ್ಧಕ್ಕೇ ನಿಂತಿತು. ಹಿನಾಳ ಕೈ ತಟ್ಟೆಯ ಮೇಲೆ ಬಂದಿತ್ತು. ತಾಯಿ ಅದನ್ನು ಹಿಡಿಯಲಿಲ್ಲ, ಮಗಳ ಹೆಗಲನ್ನು ಮಾತ್ರ ಮೆಲ್ಲಗೆ ಮುಟ್ಟಿದರು. ಕೈ ಹಿಂದಕ್ಕೆ ಹೋಯಿತು.

ಗೋಡೆಯ ಬದಿಯ ಕುರ್ಚಿಯಲ್ಲಿದ್ದ ಕಾನ್ನೋ-ಸಾನ್ ಎದ್ದು ಬಂದರು. ಚೀಟಿಯನ್ನು ಅವರು ಆವರೆಗೆ ನೋಡಿರಲಿಲ್ಲ. "ನನ್ನ ತಂಗಿಯ ಹೊಲದ್ದು," ಎಂದರು, ಗಟ್ಟಿಯಾಗಿ, ನಗುತ್ತ. "ಪರೀಕ್ಷೆಯಾಗಿದೆ. ಕಾಗದ ನಟರಾಜ-ಸಾನ್ ಹತ್ತಿರ ಇದೆ."

ಎಲ್ಲರೂ ಅವನ ಕಡೆ ನೋಡಿದರು. ಕೊಡದಿದ್ದರೆ ಆಕೆ ಸುಳ್ಳಾಗುತ್ತಿದ್ದರು. ಅವನು ಪರ್ಸು ತೆರೆದು ಕಾಗದ ತೆಗೆದ. ನಾಲ್ಕಾಗಿ ಮಡಿಸಿದ್ದು ಬಿಚ್ಚಿಕೊಂಡಿತು. ಕೆಳಗೆ ಕೆಂಪು ಮುದ್ರೆ, ಅಂಕಿಗಳ ಎದುರು ಸೊನ್ನೆಗೆ ಸಮನಾದ ಗುರುತು. ಮೋರಿ-ಸಾನ್ ಓದಿ, "ಹೌದು ಹೌದು, ಏನೂ ಇಲ್ಲ, ಸರಿಯಾಗಿದೆ," ಎಂದು ತಲೆ ಬಾಗಿಸಿದರು.

ವಸುಧಾಳೂ ಓದಿದಳು. ಅವಳಿಗೆ ಬರುತ್ತಿದ್ದ ಎರಡು ಅಕ್ಷರ ಮೊದಲ ಸಾಲಿನಲ್ಲಿಯೇ ಇದ್ದವು.

ಯಾರೂ ದನಿಯೇರಿಸಲಿಲ್ಲ. ಯಾರೂ ತಟ್ಟೆಯನ್ನು ತೆಗೆದಿಡಲಿಲ್ಲ. ಆಟ ನಡೆಯಿತು, ಮಕ್ಕಳು ಕಿರುಚಿದರು, ಬಾಳೆಹಣ್ಣಿನ ದೆವ್ವಗಳು ಹತ್ತು ನಿಮಿಷದಲ್ಲಿ ಮುಗಿದವು. ಹಳದಿ ಗೋಪುರಗಳ ಬಳಿಗೆ ಯಾವ ಮಗು ಬಂದರೂ ಅದರ ತಾಯಿ ಬೇರೆ ಯಾವುದೋ ಕೆಲಸಕ್ಕೆಂಬಂತೆ ಹೆಸರು ಹಿಡಿದು ಕರೆಯುತ್ತಿದ್ದಳು. ಚಾಮುಂಡೇಶ್ವರಿ ಒಂದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡು, "ಮನೇಲಿ ತಿಂತೀನಿ ವಸುಧಾ," ಎಂದು ಕೈಚೀಲದಲ್ಲಿಟ್ಟುಕೊಂಡಳು. ಕಾನ್ನೋ-ಸಾನ್ ತಟ್ಟೆಯ ಪಕ್ಕದಲ್ಲಿಯೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಚೀಟಿಯನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಓದಿದರು. ಮತ್ತೆ ಇದ್ದಲ್ಲಿಯೇ ಇಟ್ಟರು.

ಮನೆಗೆ ಬಂದ ಮೇಲೆ ವಸುಧಾ ಮಗಳ ದುಪಟ್ಟಾ ಬಿಚ್ಚಿದಳು, ಮುಖ ತೊಳೆಸಿದಳು. ಪಾತ್ರೆಗಳನ್ನು ಒರೆಸಿ ಜೋಡಿಸಿದಳು. ಮಾಡಲು ಕೆಲಸವೇ ಉಳಿಯದಿದ್ದಾಗ ಮೇಜಿನ ಬಳಿ ಕುಳಿತಳು.

"ವಸು..."

"ಆ ಕಾಯಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವನಿಗೆ ಭಯವಾಯಿತು. "ಒಳ್ಳೇದೇ ಇರ್ಬೋದು. ನೀವು ನಿಜ ಹೇಳಿ, ಕಾಗದ ತೋರಿಸಿದ್ರೆ ನಾನೇ ಮಾಡ್ತಿದ್ನೇನೋ. ಗೊತ್ತಿಲ್ಲ. ಬೇಡ ಅಂದು ಅವರ ಮುಂದೆ ಕೆಟ್ಟೋಳಾಗ್ತಿದ್ನೇನೋ, ಅದೂ ಗೊತ್ತಿಲ್ಲ. ಆದ್ರೆ ಅದನ್ನ ನಾನು ಮಾಡ್ಬೇಕಿತ್ತು ರೀ. ಅವಳು ನಾಲ್ಕು ತಿಂದ್ಲು. ನಾನೇ ಬಾಯಿಗಿಟ್ಟೆ."

"ಅವರಿಗೆ ಇಲ್ಲ ಅನ್ನೋಕೆ ಆಗ್ಲಿಲ್ಲ."

"ನಂಗೆ ಸುಳ್ಳು ಹೇಳೋಕೆ ಆಯ್ತಲ್ಲ."

ಅವನು ಎದುರಿನ ಕುರ್ಚಿ ಎಳೆದು ಕುಳಿತ.

"ಸೋಮವಾರ ಫೋನ್ ಮಾಡೋದು ಬೇಡ," ಎಂದಳು ವಸುಧಾ. "ಆರನೇ ತಾರೀಖಿನ ಟಿಕೆಟ್ ಇರ್ಲಿ. ನಾವು ಹೋಗ್ತೀವಿ. ಇಲ್ಲಿ ನಂಗೆ ನಿಮ್ಮ ಕಣ್ಣು ಬಿಟ್ರೆ ಬೇರೆ ಕಣ್ಣಿಲ್ಲ."

ಐದು ಗಂಟೆಯ ಸಂಗೀತ ಬೀದಿಯ ಧ್ವನಿವರ್ಧಕದಿಂದ ಕೇಳಿಬಂತು, ಮಕ್ಕಳು ಮನೆಗೆ ಹೋಗುವ ಹೊತ್ತಾಯಿತೆಂದು ದಿನವೂ ನುಡಿಸುವ ರಾಗ. ಅದು ಮುಗಿಯುವ ಮೊದಲೇ ಯಾರೋ ಕರೆಗಂಟೆ ಒತ್ತಿದರು.

ಕಾನ್ನೋ-ಸಾನ್ ಏಪ್ರನ್ ತೆಗೆದು ಬೂದುಬಣ್ಣದ ಕೋಟು ತೊಟ್ಟು ಬಂದಿದ್ದರು. ಎರಡು ಹೆಜ್ಜೆ ದೂರದ ಮನೆಯಿಂದ ಬರಲು ಕೋಟು. ಕೈಯಲ್ಲಿ ಅಂಗಡಿಯ ಸಿಹಿತಿಂಡಿಯ ಪೆಟ್ಟಿಗೆ. ಒಳಗೆ ಬಂದು, ಚಪ್ಪಲಿ ಬಿಡದೆ, ಬಾಗಿಲ ಬಳಿಯ ತಗ್ಗಿನಲ್ಲೇ ನಿಂತು, ಸೊಂಟದಿಂದ ಬಾಗಿದರು. ಬಹಳ ಹೊತ್ತು ಏಳಲಿಲ್ಲ. ಅವರ ನೆತ್ತಿಯ ಬಿಳಿ ಬೈತಲೆ ವಸುಧಾಳಿಗೆ ಕಾಣುತ್ತಿತ್ತು.

"ನನ್ನಿಂದ ತೊಂದರೆಯಾಯಿತು," ಎಂದರು, ಇನ್ನೂ ಬಾಗಿಯೇ. "ನಟರಾಜ-ಸಾನ್, ಚೀಟಿಯನ್ನು ಆಮೇಲೆ ನೋಡಿದೆ. ಹೊಕ್ಕೈಡೋ ಎಂದು ಬರೆದಿದ್ದಿರಿ. ನನ್ನನ್ನು ಯಾರೂ ಏನೂ ಅನ್ನಬಾರದೆಂದು ನಮ್ಮ ಊರಿನ ಹೆಸರನ್ನು ಮುಚ್ಚಿದ್ದಿರಿ. ಅಷ್ಟು ಯೋಚಿಸಿದ್ದಿರಿ. ನಾನು ಮೂರ್ಖಳು, ನಾನೇ ಬಾಯಿಬಿಟ್ಟು ಹಾಳುಮಾಡಿದೆ." ತಲೆಯೆತ್ತಿದರು. ಕಣ್ಣು ಒಣಗಿಯೇ ಇತ್ತು. "ನನಗೆ ತಿಳಿಯಬೇಕಿತ್ತು. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ, ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ನಾನೂ ಊರಿನ ಹೆಸರು ಮುಚ್ಚಿ ಸೆಂಡಾಯ್ ಎಂದೇ ಹೇಳುತ್ತೇನೆ."

ನಟರಾಜ ಒಂದು ಹೆಜ್ಜೆ ಮುಂದೆ ಬಂದ. ಅದು ಹಾಗಲ್ಲ, ಅದು ನಿಮಗಾಗಿ ಅಲ್ಲ, ಎಂದು ಜಪಾನಿಯಲ್ಲಿ ಹೇಳಿದರೆ ಆಕೆಗಿದ್ದ ಒಂದೇ ಸಮಾಧಾನವೂ ಹೋಗುತ್ತಿತ್ತು. ಸುಮ್ಮನಿದ್ದರೆ ಆ ಸುಳ್ಳಿಗೆ ಕೃತಜ್ಞತೆಯನ್ನೂ ಅವನು ಸ್ವೀಕರಿಸಿದಂತಾಗುತ್ತಿತ್ತು.

"ಏನಂತೆ?" ಎಂದಳು ವಸುಧಾ.

ತೊಂದರೆಯಾಯಿತೆಂದು ಕ್ಷಮೆ ಕೇಳುತ್ತಿದ್ದಾರೆ ಎಂದುಬಿಟ್ಟರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸ್ಫೂರ್ತಿ ಒಳಬಾಗಿಲಲ್ಲಿ ನಿಂತಿದ್ದಳು. ಆಕೆ ಹೇಳಿದ ಪ್ರತಿಯೊಂದು ಮಾತೂ ಅವಳಿಗೆ ಅರ್ಥವಾಗಿತ್ತು. ಈಗ ಅವಳು ಅಪ್ಪನ ಬಾಯಿಯನ್ನು ನೋಡುತ್ತಿದ್ದಳು.

ಅವನು ಹೇಳಿದ. ಒಂದು ಮಾತನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಚೀಟಿಯನ್ನು ಹೇಳಿದ, ಅವರ ಕೃತಜ್ಞತೆಯನ್ನು ಹೇಳಿದ, ಸೆಂಡಾಯನ್ನೂ ಹೇಳಿದ. ಹೇಳಿ ಮುಗಿಸಿದಾಗ, ಯಾರೋ ತನ್ನಿಂದ ಓದಿಸಿದ ಪಾಠದಂತೆ ಅದು ಅವನಿಗೇ ಕೇಳಿಸಿತು.

ವಸುಧಾ ಕಾನ್ನೋ-ಸಾನ್ ಕಡೆಯೇ ನೋಡುತ್ತಿದ್ದಳು. "ಒಳಗೆ ಬರೋಕೆ ಹೇಳಿ," ಎಂದಳು. "ಕಾಫಿ ಮಾಡ್ತೀನಿ ಅಂತ ಹೇಳಿ."

ಅವನು ಹೇಳಿದ. ಆಕೆ ಅಡ್ಡಕ್ಕೆ ಕೈಯಾಡಿಸಿ ನಕ್ಕರು. ಅನ್ನಕ್ಕಿಟ್ಟು ಬಂದಿದ್ದೇನೆ ಎಂದರು. ಆಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಚಾಚಿದರು. ವಸುಧಾ ಎರಡೂ ಕೈಯಿಂದ ಪಡೆದಳು. ಪಡೆಯುತ್ತಿದ್ದಂತೆಯೇ, ಅವಳು ತಡೆಯುವ ಮೊದಲೇ, ಅವಳ ಕಣ್ಣು ಕೆಳಗಿಳಿದು ಪೆಟ್ಟಿಗೆಯ ಮಗ್ಗುಲಲ್ಲಿ ಅಂಟಿಸಿದ್ದ ಸಣ್ಣ ಅಕ್ಷರಗಳ ಮೇಲೆ ಓಡಿತು.

ಕಾನ್ನೋ-ಸಾನ್ ಅದನ್ನು ಕಂಡರು. ಪೆಟ್ಟಿಗೆಯನ್ನು ಆ ಮಗ್ಗುಲು ಎದುರಿಗೆ ಬರುವಂತೆ ತಿರುಗಿಸಿಯೇ ಕೊಟ್ಟಿದ್ದರು. ಈಗ ಮುಂದೆ ಬಾಗಿ, ಎಳೆಯ ಮಗುವಿಗೆ ಓದು ಕಲಿಸುವವರಂತೆ, ಎರಡು ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಹೇಳಿದರು:

"ಕ್ಯೋತೋ."

ವಸುಧಾಳ ಕುತ್ತಿಗೆಯವರೆಗೆ ಕೆಂಪೇರಿತು. ಏನೋ ಹೇಳಲು ಬಾಯಿ ತೆರೆದಳು. ಗಂಡನ ಕಡೆ ತಿರುಗಿದಳು, ಮಗಳ ಕಡೆ ತಿರುಗಿದಳು. ಯಾವ ಭಾಷೆಗೂ ಕೊಡಬಲ್ಲ ವಾಕ್ಯ ಅವಳಲ್ಲಿರಲಿಲ್ಲ. "ಸುಮಿಮಾಸೆನ್," ಎಂದಳು. ಅವಳಿಗೆ ಬರುತ್ತಿದ್ದ ಕ್ಷಮೆಯ ಮಾತು ಅದೊಂದೇ.

"ಸುಮಿಮಾಸೆನ್," ಎಂದರು ಕಾನ್ನೋ-ಸಾನ್ ಕೂಡ, ಮತ್ತೊಮ್ಮೆ ಬಾಗಿ.

ಹಿಂದೆ ಹಿಂದೆ ಹೆಜ್ಜೆಯಿಡುತ್ತಲೇ ಹೊಸ್ತಿಲು ದಾಟಿದರು. ಆ ಸಮುಚ್ಚಯದ ಕಬ್ಬಿಣದ ಬಾಗಿಲುಗಳು ಕೈಬಿಟ್ಟರೆ ಇಡೀ ಮಹಡಿಗೆ ಕೇಳುವಂತೆ ಬಡಿದುಕೊಳ್ಳುತ್ತವೆ. ಆಕೆ ಹೊರಗಿನಿಂದ ಹಿಡಿಕೆಯನ್ನು ಹಿಡಿದುಕೊಂಡು, ಸಂದಿ ಕಿರಿದಾಗುತ್ತ ಆಗುತ್ತ ತಮ್ಮ ಕೋಟಿನ ಬೂದುಬಣ್ಣ ಒಂದು ಗೆರೆಯಾಗುವವರೆಗೆ ಅದನ್ನು ತಡೆದು, ಸದ್ದಾಗದಂತೆ ಮುಚ್ಚಿದರು.